ಮೂರು ತಿಂಗಳು ಬರದಿದ್ದರೆ? ಘಟ್ಟದ ಊರಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಕ್ರಮ

ಶಿರಸಿಯಲ್ಲಿ ನನ್ನ ಕ್ಲಿನಿಕ್ಕಿಗೆ ಈಗ 14 ವರ್ಷ. ವಾರಕ್ಕೊಂದು ದಿನ, ಗುರುವಾರ, ದೇವಿಮನೆ ಘಟ್ಟ ಇಳಿದು ಕುಮಟಾದಲ್ಲೂ ನೋಡುತ್ತೇನೆ. ಹಲ್ಲಿಗೆ ಕ್ಲಿಪ್ ಹಾಕುವುದೊಂದೇ ನನ್ನ ಕೆಲಸ. ಎಂಡಿಎಸ್ ಮುಗಿಸಿ ನಮ್ಮ ಜಿಲ್ಲೆಗೆ ಬರುವ ಹೊಸ ಆರ್ಥೊಡಾಂಟಿಸ್ಟ್‌ಗಳು ಆಗಾಗ ಫೋನ್ ಮಾಡುತ್ತಾರೆ. "ಮೇಡಂ, ಯಾವ ಬ್ರಾಕೆಟ್ ತರಿಸಲಿ? ಯಾವ ಗಮ್ ಒಳ್ಳೆಯದು?" ಎಂದು ಕೇಳುತ್ತಾರೆ. ಬ್ರಾಕೆಟ್ ಅಂದರೆ ಹಲ್ಲಿಗೆ ಗಮ್ಮಿನಿಂದ ಅಂಟಿಸಿ ತಂತಿ ಕೂರಿಸುವ ಸಣ್ಣ ತುಂಡು. ಅದನ್ನು ಹೇಳುವುದು ಕಷ್ಟವಲ್ಲ. ಆದರೆ ನಾನು ಅವರಿಗೆ ಮೊದಲು ಬೇರೆಯೇ ಒಂದು ಪ್ರಶ್ನೆ ಕೊಡುತ್ತೇನೆ. ನಿಮ್ಮ ಕುರ್ಚಿಯಿಂದ ಈಗ ಎದ್ದು ಹೋಗುತ್ತಿರುವ ಹುಡುಗಿ ಮುಂದಿನ ಮೂರು ತಿಂಗಳು ಬರದೇ ಹೋದರೆ, ಅವಳ ಬಾಯಲ್ಲಿ ಏನಾಗುತ್ತದೆ?

ಈ ಪ್ರಶ್ನೆ ಕಲಿಯಲು ನನಗೆ ಒಬ್ಬಳು ಹುಡುಗಿಯ ಹಲ್ಲು ಬೇಕಾಯಿತು. ಹುಲೇಕಲ್ ದಾಟಿ ಒಳಗಿನ ಊರು. ಬಸ್ಸು ಇಳಿದು ಎರಡು ಕಿಲೋಮೀಟರ್ ನಡೆಯಬೇಕು. ಪಿಯುಸಿ ಓದುತ್ತಿದ್ದಳು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಪೂರ್ತಿ ಮುಚ್ಚುವಷ್ಟು ಡೀಪ್ ಬೈಟ್ ಇತ್ತು. ಅದನ್ನು ಬಿಡಿಸಲು ಕೆಳಗಿನ ಸಾಲಿಗೆ ರಿವರ್ಸ್ ಕರ್ವ್ (ಉಲ್ಟಾ ಬಾಗಿದ) ನೈಟೈ, ಅಂದರೆ ನಿಕಲ್-ಟೈಟಾನಿಯಂ, ತಂತಿ ಹಾಕಿ, "4 ವಾರಕ್ಕೆ ಬಾ" ಎಂದು ಕಳಿಸಿದೆ. ಆಗ ಮೇ ಕೊನೆ. ಜೂನಿನಲ್ಲಿ ಮಳೆ ಹಿಡಿಯಿತು. ಹಳ್ಳದ ಕಾಲುಸಂಕ ತೇಲಿಹೋಯಿತು. ಆಮೇಲೆ ಅಜ್ಜ ತೀರಿಕೊಂಡರು, ಆಮೇಲೆ ಪರೀಕ್ಷೆ. ಅವಳು ಬಂದದ್ದು ಸೆಪ್ಟೆಂಬರ್ ಕೊನೆಗೆ. ತಂತಿ ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ. ಕೆಳಗಿನ ಮುಂಭಾಗದ ಹಲ್ಲುಗಳು ಹೊರಗೆ ವಾಲಿದ್ದವು, ದವಡೆ ಹಲ್ಲುಗಳು ಹಿಂದಕ್ಕೆ ಒರಗಿದ್ದವು. ಅದನ್ನು ಮತ್ತೆ ದಾರಿಗೆ ತರಲು 8 ತಿಂಗಳು ಜಾಸ್ತಿ ಹಿಡಿಯಿತು. ಆ 8 ತಿಂಗಳಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಅವಳ ಅಮ್ಮ ಪ್ರತಿ ಸಲ ತೋಟದ ಕೆಲಸ ಬಿಟ್ಟು ಜೊತೆಗೆ ಬರುತ್ತಿದ್ದರಲ್ಲ, ಆ ದಿನಗಳನ್ನು ವಾಪಸ್ ಕೊಡುವುದು ನನ್ನಿಂದ ಆಗಲಿಲ್ಲ.

ತಪ್ಪು ಹುಡುಗಿಯದಲ್ಲ. ಊರು ಹೇಗಿದೆ ಎಂದು ಗೊತ್ತಿದ್ದೂ ಪೇಟೆಯ ಲೆಕ್ಕದಲ್ಲಿ ತಂತಿ ಹಾಕಿದ್ದು ನಾನು.

ಬಿಟ್ಟು ಕಳಿಸಬಹುದಾದ ತಂತಿ, ಕಾಯಬೇಕಾದ ತಂತಿ

ಅಂದಿನಿಂದ ನಾನು ಬಾಯಲ್ಲಿ ಬಿಡುವುದನ್ನೆಲ್ಲ ಎರಡು ಗುಂಪು ಮಾಡಿದ್ದೇನೆ. ಕೆಲವು ತಮ್ಮ ಕೆಲಸ ಮುಗಿಸಿ ಸುಮ್ಮನಾಗುತ್ತವೆ. ಕೆಲವು ನಾವು ನಿಲ್ಲಿಸುವ ತನಕ ಎಳೆಯುತ್ತಲೇ ಇರುತ್ತವೆ. ದೂರದವರಿಗೆ ಮೊದಲನೆಯದೇ ಸರಿ.

ನೇರ ನೈಟೈ ತಂತಿ ಹೆಚ್ಚಾಗಿ ಮೊದಲ ಗುಂಪಿನದು. ಬ್ರಾಕೆಟ್ಟಿನಲ್ಲಿ ತಂತಿ ಕೂರುವ 0.022 ಇಂಚಿನ ಸೀಳಿನಲ್ಲಿ (ಸ್ಲಾಟ್) 0.014ರಿಂದ ಶುರು ಮಾಡಿ, ಹಲ್ಲು ಸಾಲಿಗೆ ಬಂದ ಮೇಲೆ 0.018, ಆಮೇಲೆ 19×25 (0.019×0.025 ಇಂಚಿನ) ನೈಟೈ, ಕೊನೆಗೆ 19×25 ಸ್ಟೀಲ್. ಬಾಯಿಯ ಬಿಸಿಗೆ ಚುರುಕಾಗುವ ನೈಟೈ ಆರೆಂಟು ವಾರ ಆರಾಮಾಗಿ ಕೆಲಸ ಮಾಡುತ್ತದೆ. ನಾಲ್ಕು ವಾರಕ್ಕೆ ಕರೆದು, ಇನ್ನೂ ಜೀವ ಇರುವ ತಂತಿಯನ್ನು ಬಿಚ್ಚಿ ಹೊಸದು ಹಾಕುವುದರಲ್ಲಿ ಏನೂ ಲಾಭವಿಲ್ಲ. ಹಲ್ಲಿಗೂ ಇಲ್ಲ, ಬಸ್ ಚಾರ್ಜ್ ಕೊಟ್ಟು ಬರುವವರಿಗೂ ಇಲ್ಲ.

ಆದರೆ ಇಲ್ಲೊಂದು ಗುಂಡಿ ಇದೆ. ಕೋರೆಹಲ್ಲು ತುಂಬಾ ಎತ್ತರದಲ್ಲಿ ಮೂಡಿದ್ದರೆ ಅದನ್ನು ಮೆತ್ತನೆ ನೈಟೈಗೆ ಸೀದಾ ಕಟ್ಟಿ ಕಳಿಸಬೇಡಿ. ಕೋರೆಹಲ್ಲು ಇಳಿಯುವ ಹೊತ್ತಿಗೆ ಪಕ್ಕದ ಹಲ್ಲುಗಳು ಅದರ ಕಡೆಗೆ ಮೇಲೇರುತ್ತವೆ. ಮೊದಲು ಉಳಿದ ಸಾಲನ್ನು ಸರಿಮಾಡಿ ಗಟ್ಟಿ ಸ್ಟೀಲ್ ತಂತಿ ಹಾಕಿ. ಅದರ ಮೇಲೆ ತೆಳು ನೈಟೈ ಜೋಡಿಸಿ ಕೋರೆಹಲ್ಲನ್ನು ಇಳಿಸಿ. ಎರಡು ಭೇಟಿ ಜಾಸ್ತಿಯಾದರೂ ಆಗಲಿ.

ಹಲ್ಲು ಕಿತ್ತ ಜಾಗ ಮುಚ್ಚುವಾಗ ರಬ್ಬರಿನ ಚೈನ್ ಹಾಕಬೇಕಾ, ಸ್ಪ್ರಿಂಗ್ ಹಾಕಬೇಕಾ? ಪಕ್ಕದ ಬೀದಿಯ ಹುಡುಗನಿಗೆ ಚೈನ್ ಸಾಕು. ಚೈನಿನ ಎಳೆತ ಮೊದಲ ದಿನವೇ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎರಡು ತಿಂಗಳು ಬಿಟ್ಟರೆ ಅದು ಬರೀ ಕೊಳೆ ಹಿಡಿಯುವ ರಬ್ಬರ್. ದೂರದವರಿಗೆ ನೈಟೈ ಕಾಯಿಲ್ ಸ್ಪ್ರಿಂಗ್ ಹಾಕಿ. ಸುಮಾರು 150 ಗ್ರಾಂ ಎಳೆತ ಸಾಕು. ಅದು ಹೆಚ್ಚು ಕಡಿಮೆ ಒಂದೇ ಹದದಲ್ಲಿ ಎಳೆಯುತ್ತದೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ತಪ್ಪುವ ಎರಡು ಬಸ್ಸಿನ ಖರ್ಚಿಗಿಂತ ಕಡಿಮೆ. ಒಂದು ಮಾತು ನೆನಪಿಡಿ. ಜಾಗ ತಿಂಗಳಿಗೆ ಸುಮಾರು 1 ಮಿಲಿಮೀಟರ್ ಮುಚ್ಚುತ್ತದೆ. ಅಷ್ಟೇ ತಂತಿ ಹಿಂದಿನ ದವಡೆ ಹಲ್ಲಿನ ಟ್ಯೂಬಿನಿಂದ, ಅಂದರೆ ತಂತಿಯ ತುದಿ ಕೂರುವ ಕೊಳವೆಯಿಂದ, ಹೊರಗೆ ಬರುತ್ತದೆ. ಎರಡು ತಿಂಗಳಿಗೆ 2 ಮಿಲಿಮೀಟರ್ ಅಂದರೆ ಕೆನ್ನೆಗೆ ಚುಚ್ಚಲು ಬೇಕಾದಷ್ಟಾಯಿತು. ಕಳಿಸುವಾಗಲೇ ಟ್ಯೂಬಿಗೆ ಸಮನಾಗಿ ಕತ್ತರಿಸಿ, ಮೇಣ ಕೊಟ್ಟು, ಮುಂದೆ ಹೀಗಾಗಬಹುದು ಎಂದು ಹೇಳಿ ಕಳಿಸಿ.

ನೈಟೈ ತಂತಿಯ ತುದಿಯನ್ನು ನಾನು ಬಗ್ಗಿಸದೆ ಯಾರನ್ನೂ ಎಬ್ಬಿಸುವುದಿಲ್ಲ. ನೈಟೈ ಹಾಗೇ ಬಗ್ಗಿಸಿದರೆ ಬಗ್ಗುವುದಿಲ್ಲ, ವಾಪಸ್ ನೆಟ್ಟಗಾಗುತ್ತದೆ. ಬಾಯಿಗೆ ಹಾಕುವ ಮೊದಲೇ ಕೊನೆಯ ಎರಡು ಮೂರು ಮಿಲಿಮೀಟರನ್ನು ಜ್ವಾಲೆಗೆ ಹಿಡಿದು ಕೆಂಪಗೆ ಕಾಯಿಸಿ, ಆರಿಸಿ. ಆ ತುದಿಯ ಸ್ಪ್ರಿಂಗ್ ಗುಣ ಹೋಗಿ ಮೆತ್ತಗಾಗುತ್ತದೆ. ದವಡೆ ಹಲ್ಲಿನ ಟ್ಯೂಬಿನ ಹಿಂದೆ ಒತ್ತಿದರೆ ಹೇಳಿದ ಹಾಗೆ ಕೂರುತ್ತದೆ. ತಂತಿ ಒಂದು ಬದಿಗೆ ಜಾರುವುದಿಲ್ಲ, ಗಲ್ಲಕ್ಕೆ ಚುಚ್ಚುವುದಿಲ್ಲ. ಇದಕ್ಕೆ ಎರಡು ನಿಮಿಷ. ನನಗೆ ಬರುವ ರಾತ್ರಿ ಫೋನ್‌ಗಳು ಕಡಿಮೆಯಾದದ್ದೇ ಇದರಿಂದ.

ಮೇಲಿನ ಕೆಳಗಿನ ಹಲ್ಲಿನ ಕೊಕ್ಕೆಗಳಿಗೆ ಹಾಕುವ ರಬ್ಬರ್ ಬ್ಯಾಂಡುಗಳ ವಿಷಯದಲ್ಲಿ ಎಣಿಕೆಯೇ ಕಾವಲು. ದಿನಕ್ಕೆ ಎರಡು, ಆರು ವಾರಕ್ಕೆ 84. ನೂರರ ಒಂದೇ ಪ್ಯಾಕೆಟ್ ಕೊಡುತ್ತೇನೆ. ಬರದೇ ಉಳಿದರೆ ಬ್ಯಾಂಡು ತಾನಾಗಿ ಮುಗಿದು ಎಳೆತ ನಿಲ್ಲುತ್ತದೆ. ಒಂದು ಬದಿಯ ಕೊಕ್ಕೆ ಮುರಿದರೆ ಇನ್ನೊಂದು ಬದಿಯದನ್ನೂ ತೆಗೆದುಬಿಡಬೇಕು ಎಂದು ಮಕ್ಕಳ ಬಾಯಿಂದಲೇ ಹೇಳಿಸಿಕೊಳ್ಳುತ್ತೇನೆ. ಒಂದೇ ಬದಿಗೆ ಎಳೆದರೆ ಮಧ್ಯದ ಗೆರೆ ಸೊಟ್ಟಗಾಗುತ್ತದೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಜೀವಗಳು ಹೋದವು. ಹಲವು ದಿನ ರಸ್ತೆ ಬಂದ್. ಆಗ ಕುಮಟಾಕ್ಕೆ ಬರಬೇಕಿದ್ದ ಅಂಕೋಲಾ ಕಡೆಯ ಮಕ್ಕಳ ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಯಾರ ಬಾಯಲ್ಲಿ ಏನಿದೆ? ಕಾಯಬೇಕಾದ್ದು ಏನಾದರೂ ಇದೆಯಾ? ಒಬ್ಬರ ಬಾಯಲ್ಲೂ ಇರಲಿಲ್ಲ. ಅಂಥ ದಿನಗಳಲ್ಲಿ ಹಲ್ಲಿನ ಚಿಂತೆಯೂ ಆ ಮನೆಗಳಿಗೆ ಬೇಡವಾಗಿತ್ತು.

ಮೊದಲ ಎರಡು ಭೇಟಿ

ಮೊದಲ ದಿನವೇ ಫೋಟೋ, ಅಚ್ಚು, ಓಪಿಜಿ (ಎರಡೂ ದವಡೆಯ ಪೂರ್ತಿ ಎಕ್ಸ್‌ರೇ), ತಲೆಯ ಪಕ್ಕದಿಂದ ತೆಗೆಯುವ ಎಕ್ಸ್‌ರೇ ಎಲ್ಲ ಮುಗಿಸಿ. ಲೆಕ್ಕ ಹಾಕಿ ನೋಡಿದ ಮೇಲೆ ಯೋಜನೆಯನ್ನು ಫೋನಿನಲ್ಲಿ ತಿಳಿಸಬಹುದು. ಮನೆಯವರು ಮನೆಯಲ್ಲೇ ಕೂತು ಮಾತಾಡಿಕೊಳ್ಳಲಿ. ಮೊದಲನೇ ದವಡೆ ಹಲ್ಲಿಗೆ ನಾನು ದೂರದವರಿಗೆ ಲೋಹದ ಬಳೆಯಂಥ ಬ್ಯಾಂಡೇ ಹಾಕುವುದು. ಅಂಟಿಸುವ ಟ್ಯೂಬು ಚೆಂದ, ಕೆಲಸವೂ ಬೇಗ, ಆದರೆ ಬ್ಯಾಂಡಿಗಿಂತ ಜಾಸ್ತಿ ಕಳಚುತ್ತದೆ. ಬ್ಯಾಂಡಿಗೆ ಮೊದಲು ಐದಾರು ದಿನ ಹಲ್ಲಿನ ನಡುವೆ ಜಾಗ ಬಿಡಿಸುವ ಸೆಪರೇಟರ್ ಇರಬೇಕಲ್ಲ, ಅದಕ್ಕೆ ಬೇರೆ ದಿನ ಕರೆಯಬೇಡಿ. ಚಿಕಿತ್ಸೆಗೆ ಒಪ್ಪಿದವರಿಗೆ ಹಲ್ಲು ತೆಗೆಸುವ ದಿನವೋ, ಕ್ಲೀನಿಂಗ್ ದಿನವೋ ಅದನ್ನೂ ಹಾಕಿ ಕಳಿಸಿ. ವಾರದ ನಂತರ ಬ್ಯಾಂಡು, ಬ್ರಾಕೆಟ್, ತಂತಿ ಒಂದೇ ಸಲ.

ನಮ್ಮ ಕಡೆ ದೊಡ್ಡವರು ಚಿಕಿತ್ಸೆಗೆ ಬಂದಾಗ ಕವಳದ (ಎಲೆ ಅಡಿಕೆಯ) ಮಾತು ಮೊದಲೇ ಕೇಳಿ. ನಾನು ಅಡಿಕೆ ತೋಟದ ಮನೆಯವಳು. ಬಂದವರಿಗೆ ಕವಳದ ತಟ್ಟೆ ಇಡುವುದು ನಮ್ಮಲ್ಲಿ ಮರ್ಯಾದೆ ಎಂಬುದು ನನಗೆ ಗೊತ್ತು. ಆದರೂ ಬಾಯಿ ತೆರೆಸಿ ಮೇಲಿನ ಕೆಳಗಿನ ಹಲ್ಲಿನ ನಡುವೆ ಅಳೆಯುತ್ತೇನೆ. ಸಾಮಾನ್ಯವಾಗಿ ಅವರದೇ ಮೂರು ಬೆರಳು ಹಿಡಿಸಬೇಕು. ಹಿಡಿಸದಿದ್ದರೆ, ಕೆನ್ನೆಯ ಒಳಗೆ ಬಿಳಿಚಿ ಗಟ್ಟಿಯಾದ ಪಟ್ಟಿ ಕೈಗೆ ಸಿಕ್ಕಿದರೆ, ಖಾರ ತಿಂದರೆ ಉರಿ ಎಂದರೆ, ಕ್ಲಿಪ್ಪಿನ ಮಾತು ಅಲ್ಲಿಗೆ ನಿಲ್ಲಿಸಿ. ಅದು ಅಡಿಕೆಯಿಂದ ಬರುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿರಬಹುದು. ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಇರುವ ಕಾಯಿಲೆ. ಅದನ್ನು ನೋಡುವ ಡಾಕ್ಟರ ಹತ್ತಿರ ಅವತ್ತೇ ಕಳಿಸಿ. ಇದನ್ನು ಸಂಕೋಚ ಬಿಟ್ಟು ಹೇಳಲೇಬೇಕು.

ಮಳೆಗಾಲದಲ್ಲಿ ಬ್ರಾಕೆಟ್ ಅಂಟಿಸುವುದು

ಬ್ರಾಕೆಟ್ ಕಳಚಲು ಎಲ್ಲಕ್ಕಿಂತ ದೊಡ್ಡ ಕಾರಣ ತೇವ. ನಮ್ಮ ಊರಿನಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಮೊದಲ ಎರಡು ಮಳೆಗಾಲ ನನ್ನ ಬ್ರಾಕೆಟ್‌ಗಳು ಉದುರಿದ್ದಕ್ಕೆ ಗಮ್ ಕಂಪನಿಯನ್ನು ಬೈಯುತ್ತಿದ್ದೆ. ನಿಜವಾದ ಕಾರಣ ಹೊರಗಿನ ಜಗಲಿಯಲ್ಲಿತ್ತು, ಕಂಪ್ರೆಸರ್. ಅದು ಎಳೆದುಕೊಳ್ಳುವುದೇ ಒದ್ದೆ ಗಾಳಿ. ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ. ನಾವು ಹಲ್ಲು ಒಣಗಿಸುತ್ತೇವೆ ಎಂದುಕೊಂಡು ಹಲ್ಲಿಗೆ ನೀರಿನ ಹನಿ ಊದುತ್ತಿರುತ್ತೇವೆ.

ಆದ್ದರಿಂದ ಬೆಳಗ್ಗೆ ಬಂದ ಕೂಡಲೇ ಟ್ಯಾಂಕಿನ ಕೆಳಗಿನ ತಿರುಪು ತೆಗೆದು ನೀರು ಬಿಡಿ. ಜುಲೈನಲ್ಲಿ ಮಧ್ಯಾಹ್ನವೂ ಒಮ್ಮೆ ಬಿಡಿ. ಆಮೇಲೆ ಏರ್ ಸಿರಿಂಜನ್ನು ಬಾಯಿ ಕನ್ನಡಿಯ ಮೇಲೆ ಹತ್ತು ಸೆಕೆಂಡ್ ಊದಿ ನೋಡಿ. ಕನ್ನಡಿ ಸ್ವಚ್ಛವಾಗಿದ್ದರೆ ಕೆಲಸ ಶುರು. ಹನಿ ಕೂತರೆ, ಅಥವಾ ಎಣ್ಣೆಯ ಪೊರೆ ಕಂಡರೆ, ಲೈನ್ ಸರಿಯಾಗುವ ತನಕ ಅಂಟಿಸುವ ಕೆಲಸ ಬೇಡ. ಫಿಲ್ಟರ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಈಗ ಹಲ್ಲಿಗೆ ಬನ್ನಿ. ಪ್ಯೂಮಿಸ್ ಪುಡಿಯಿಂದ ತಿಕ್ಕಿ ತೊಳೆಯಿರಿ. ಕೆನ್ನೆ ಅಗಲಿಸುವ ರಿಟ್ರಾಕ್ಟರ್ ಹಾಕಿ, ಹತ್ತಿಯ ಸುರುಳಿ ಇಟ್ಟು, ಸಕ್ಷನ್ ಕೊಕ್ಕೆ ನಾಲಿಗೆಯ ಕೆಳಗೆ. 37 ಶೇಕಡಾ ಫಾಸ್ಫಾರಿಕ್ ಆಸಿಡ್ ಜೆಲ್ ಬ್ರಾಕೆಟ್ ಕೂರುವಷ್ಟು ಜಾಗಕ್ಕೆ ಮಾತ್ರ, 15ರಿಂದ 30 ಸೆಕೆಂಡ್. ಚೆನ್ನಾಗಿ ತೊಳೆದು ಒಣಗಿಸಿ. ಈಗ ಎಲ್ಲ ಬಿಟ್ಟು ಹಲ್ಲನ್ನೇ ನೋಡಿ. ರಂಗೋಲಿ ಪುಡಿ ತೆಳುವಾಗಿ ಉದುರಿಸಿದ ಹಾಗೆ ಬಿಳಿ ಮಂಕು ಬರಬೇಕು. ಹೊಳಪು ಉಳಿದಿದ್ದರೆ ಅಲ್ಲಿ ಬ್ರಾಕೆಟ್ ನಿಲ್ಲುವುದಿಲ್ಲ. ಮಂಕು ಬಂದ ಮೇಲೆ ಎಂಜಲು ತಾಗಿತಾ? ಒರೆಸಿ ಮುಂದುವರಿಯಬೇಡಿ. ತೊಳೆದು, ಒಣಗಿಸಿ, ಹತ್ತು ಹದಿನೈದು ಸೆಕೆಂಡ್ ಮತ್ತೆ ಆಸಿಡ್ ಇಟ್ಟು ಹೊಸದಾಗಿ ಶುರುಮಾಡಿ. "ಸ್ವಲ್ಪವೇ ತಾಗಿದ್ದು" ಎಂದು ಬಿಟ್ಟ ಬ್ರಾಕೆಟ್ಟೇ ಯಲ್ಲಾಪುರದಿಂದ ಫೋನ್ ಮಾಡಿಸುವುದು.

ನಾನು ಕೆಳಗಿನ ಐದನೇ ಹಲ್ಲಿನಿಂದ, ಅಂದರೆ ಎರಡನೇ ಪ್ರಿಮೋಲಾರಿನಿಂದ, ಶುರು ಮಾಡುತ್ತೇನೆ. ಅದಕ್ಕೇ ಎಂಜಲು ಬೇಗ ತಲುಪುವುದು, ಅದೇ ಜಾಸ್ತಿ ಕಳಚುವುದು. ಹತ್ತಿ ಹೊಸದಾಗಿರುವಾಗ, ಮಗುವಿಗೆ ಬಾಯಿ ನೋಯದಿರುವಾಗ, ನಮ್ಮ ಕೈಯೂ ದಣಿಯದಿರುವಾಗ ಕಷ್ಟದ ಹಲ್ಲು ಮುಗಿಸಿಬಿಡಬೇಕು. ಒಸಡು ಅರ್ಧ ಮುಚ್ಚಿ ರಕ್ತ ಬರುತ್ತಿದ್ದರೆ ಅವತ್ತು ಆ ಹಲ್ಲನ್ನು ಬಿಟ್ಟುಬಿಡಿ. ಪ್ರೈಮರ್ ತೆಳುವಾಗಿ ಸವರಿ. ಬ್ರಾಕೆಟ್ಟಿನ ಬೆನ್ನಿಗೆ ಗಮ್ ಹಚ್ಚಿ, ಜಾಗದಲ್ಲಿಟ್ಟು, ಗಟ್ಟಿಯಾಗಿ ಒತ್ತಿ. ಸುತ್ತ ಹೊರಬಂದ ಗಮ್ಮನ್ನು ಸೂಜಿಮೊನೆಯಿಂದ ಪೂರ್ತಿ ತೆಗೆಯಿರಿ. ಉಳಿದರೆ ಅಲ್ಲೇ ಕೊಳೆ ಕೂರುತ್ತದೆ. ಎತ್ತರವನ್ನು ಗೇಜಿನಿಂದ ಅಳೆಯಿರಿ, ಕಣ್ಣಂದಾಜು ಬೇಡ. ಬೆಳಕನ್ನು ಎರಡೂ ಬದಿಯಿಂದ ಹತ್ತತ್ತು ಸೆಕೆಂಡ್ ಹಿಡಿಯಿರಿ. ಲೋಹದ ಬ್ರಾಕೆಟ್ಟಿನ ಎದುರಿನಿಂದ ಹಿಡಿದರೆ ಬೆಳಕು ಅಡಿಗೆ ಹೋಗುವುದಿಲ್ಲ.

ಕರೆಂಟ್ ಹೋಗುತ್ತದೆ. ಹೋಗುವುದು ಸರಿಯಾಗಿ ಗಮ್ ಇಟ್ಟ ಹೊತ್ತಿಗೇ. ಚಾರ್ಜ್ ಆಗುವ ಕ್ಯೂರಿಂಗ್ ಲೈಟ್ ಎರಡು ಇಟ್ಟುಕೊಳ್ಳಿ, ಒಂದು ಸದಾ ಚಾರ್ಜಿನಲ್ಲಿರಲಿ. ತಲೆಗೆ ಕಟ್ಟುವ ಲೈಟೊಂದು ಇರಲಿ. ಕಂಪ್ರೆಸರ್ ಟ್ಯಾಂಕಿನಲ್ಲಿ ಉಳಿದ ಗಾಳಿ ನಾಲ್ಕಾರು ಹಲ್ಲಿಗೆ ಸಾಕು. ಸಕ್ಷನ್ ನಿಂತರೆ ಹತ್ತಿ ಬದಲಿಸುತ್ತಾ ಹೋಗಬೇಕು. ಆ ಹೊತ್ತಿಗೆ ಕೈ ನಿಧಾನ ಮಾಡಿ. ಮುಗಿಸುವ ಅವಸರ ಬೇಡ.

ಉಪಕರಣಗಳ ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಪ್ಲೈಯರ್‌ಗಳಿಗೆ ಈ ಹವೆಯಲ್ಲಿ ತುಕ್ಕು ಬೇಗ ಹತ್ತುತ್ತದೆ, ಕಾರವಾರ ಕುಮಟಾದ ಉಪ್ಪುಗಾಳಿಯಲ್ಲಂತೂ ಇನ್ನೂ ಬೇಗ. ತೊಳೆದು, ಪೂರ್ತಿ ಒಣಗಿಸಿ, ಕೀಲಿಗೆ ಎಣ್ಣೆ ಬಿಟ್ಟು, ಪೌಚಿನಲ್ಲಿ ಹಾಕಿ ಆಟೋಕ್ಲೇವ್ ಮಾಡಿ, 121 ಡಿಗ್ರಿಯಲ್ಲಿ 15 ಪೌಂಡ್ ಒತ್ತಡದಲ್ಲಿ 30 ನಿಮಿಷ. ಒದ್ದೆ ಪೌಚು ಕಪಾಟಿಗೆ ಹೋಗಬಾರದು.

ಕಚ್ಚಿಸಿ ನೋಡದೆ ಕಳಿಸಬೇಡಿ

ತಂತಿ ಕಟ್ಟಿ ಮುಗಿದ ಮೇಲೆ "ಕಚ್ಚು" ಎಂದು ಹೇಳಿ ನೋಡಿ. ಡೀಪ್ ಬೈಟ್ ಇದ್ದರೆ ಮೇಲಿನ ಹಲ್ಲು ಕೆಳಗಿನ ಬ್ರಾಕೆಟ್ಟಿಗೆ ಬಡಿಯುತ್ತದೆ. ಹಾಗೆ ಕಳಿಸಿದರೆ ರಾತ್ರಿ ಊಟಕ್ಕೇ ಎರಡು ಕಳಚಿರುತ್ತವೆ. ಕೆಳಗಿನ ದವಡೆ ಹಲ್ಲುಗಳ ಮೇಲೆ ನೀಲಿ ಸಿಮೆಂಟ್ ಇಟ್ಟು ಕಚ್ಚು ಎತ್ತರಿಸಿ. ಎರಡೂ ಬದಿ ಸಮ ಇರಬೇಕು. ನೀಲಿ ಯಾಕೆಂದರೆ ಮುಂದೆ ತೆಗೆಯುವಾಗ ಹಲ್ಲು ಯಾವುದು ಸಿಮೆಂಟ್ ಯಾವುದು ಎಂದು ಗೊತ್ತಾಗುತ್ತದೆ. ಮೊದಲ ನಾಲ್ಕು ದಿನ ಜಗಿಯಲು ಆಗುವುದಿಲ್ಲ, ಇದನ್ನು ಅಮ್ಮಂದಿರಿಗೆ ಮುಂಚೆಯೇ ಹೇಳಿ. ಗಂಜಿ, ತಂಬುಳಿ ಅನ್ನ, ತೆಳ್ಳೇವು ಕೊಡಲಿ. ನೋವು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಮಾರನೇ ದಿನ ಜೋರಿರುತ್ತದೆ, ವಾರದೊಳಗೆ ಇಳಿಯುತ್ತದೆ. ಇಷ್ಟು ಗೊತ್ತಿದ್ದರೆ ಯಾರೂ ಗಾಬರಿಯಾಗುವುದಿಲ್ಲ.

ಏನು ತಿನ್ನಬಾರದು ಎಂಬ ಪಟ್ಟಿಯನ್ನು ನಮ್ಮ ಅಡುಗೆಮನೆ ನೋಡಿ ಮಾಡಿ. ಪುಸ್ತಕದಲ್ಲಿ ಪಾಪ್‌ಕಾರ್ನ್ ಎಂದಿರುತ್ತದೆ. ಇಲ್ಲಿ ಬ್ರಾಕೆಟ್ ಮುರಿಯುವುದು ಹಲಸಿನ ಹಪ್ಪಳ, ಗಟ್ಟಿ ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಅಡಿಕೆ, ಒಣ ಕೊಬ್ಬರಿ. ಒಂದು ಸಲ ಒಬ್ಬರು ಅಜ್ಜಿ ನನ್ನ ಕೈಹಿಡಿದು ಕೇಳಿದರು: "ತಂಗೀ, ಎರಡು ವರ್ಷ ಮಗು ಹಪ್ಪಳ ತಿನ್ನದೇ ಇರೂದಾ?" ಪೂರ್ತಿ ಬಿಡಿಸುವುದು ಆಗದ ಮಾತು. ಸಾರನ್ನಕ್ಕೆ ಹಾಕಿ ನೆನೆಸಿ ತಿನ್ನಲಿ ಎಂದೆ. ಕರಾವಳಿಯವರು ಮೀನು ಬಿಡಬೇಕಾ ಎಂದು ಕೇಳುತ್ತಾರೆ. ಬೇಡವೇ ಬೇಡ, ಮೀನು ಮೆತ್ತಗೆ. ಮುಳ್ಳು ಬಿಡಿಸಿ ತಿಂದರಾಯಿತು. ಗರಿಗರಿ ಹುರಿದ ಒಣಮೀನಿಗೆ ಮಾತ್ರ ಎಚ್ಚರ.

ಪುಸ್ತಕದಲ್ಲಿ ಬಸ್ಸಿನ ಕಾಲಂ

ನನ್ನ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಹೆಸರಿನ ಪಕ್ಕದಲ್ಲಿ ಬಸ್ ಎಂದೊಂದು ಕಾಲಂ ಇದೆ. ಎಷ್ಟಕ್ಕೆ ಇಳಿಯುತ್ತಾರೆ, ವಾಪಸ್ ಬಸ್ಸು ಎಷ್ಟಕ್ಕೆ. ಮೊದಲ ಸಲ ಬಂದಾಗಲೇ ನನ್ನ ಸಹಾಯಕಿ ಕೇಳಿ ಬರೆದುಕೊಳ್ಳುತ್ತಾಳೆ. ದೂರದವರಿಗೆ 11ರಿಂದ 1. ಪೇಟೆಯ ಶಾಲೆ ಮಕ್ಕಳಿಗೆ ಸಂಜೆ 4ರ ಮೇಲೆ. ಬ್ರಾಕೆಟ್ ಅಂಟಿಸುವ ಉದ್ದದ ಕೆಲಸ ಬೆಳಗ್ಗೆ ಮೊದಲಿಗೆ. ಮುರಿದುಕೊಂಡು ಬರುವವರಿಗೆಂದು 12ಕ್ಕೊಂದು, 3:30ಕ್ಕೊಂದು ಜಾಗ ದಿನಾ ಖಾಲಿ. ಅದನ್ನು ಯಾರಿಗೂ ಮುಂಚೆ ಕೊಡುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬರುತ್ತದಲ್ಲ, ಆ ದಿನಗಳಲ್ಲಿ ಹೊರ ಊರಿನವರನ್ನು ಕರೆಯುವುದಿಲ್ಲ. ಬಸ್ಸು ಹತ್ತಲೂ ಆಗುವುದಿಲ್ಲ, ಹತ್ತಿದರೂ ಪೇಟೆಯೊಳಗೆ ಬರಲಾಗುವುದಿಲ್ಲ.

ದುಡ್ಡಿನ ಕಂತನ್ನೂ ಊರಿನ ಕ್ಯಾಲೆಂಡರ್ ನೋಡಿ ಮಾಡಿ. ತೋಟದವರಿಗೆ ಅಡಿಕೆ ಗೊನೆಯ ಕೊಯ್ಲು ಆಗಿ, ಚಾಲಿ (ಬಿಸಿಲಿಗೆ ಒಣಗಿಸುವ ಅಡಿಕೆ) ಒಣಗಿ, ಮಾರಿದ ಮೇಲೆ ಕೈಗೆ ದುಡ್ಡು. ಮಳೆಗಾಲದ ಮುಂದೆ ಮದ್ದು ಹೊಡೆಸುವ ಖರ್ಚು. ಮೀನುಗಾರ ಮನೆಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ, 61 ದಿನ. ಆ ಎರಡು ತಿಂಗಳು ಅವರ ಹತ್ತಿರ ಕಂತು ಕೇಳಬೇಡಿ. ಮೊದಲೇ ಚೀಟಿಯಲ್ಲಿ "ಜೂನ್–ಜುಲೈ ಕಂತಿಲ್ಲ" ಎಂದು ಬರೆದುಕೊಡಿ. ದುಡ್ಡು ಕೊಡಲಿಲ್ಲವಲ್ಲ ಎಂಬ ನಾಚಿಕೆಗೆ ಮಗುವನ್ನು ಕರೆತರದೇ ಇರುವವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಾನು ಎಲ್ಲರಿಗೂ ಒಂದೇ ಮಾತು ಹೇಳುವುದು, ದುಡ್ಡು ಇರಲಿ ಬಿಡಲಿ, ತಾರೀಖಿಗೆ ಮಗು ಬರಬೇಕು. ಒಟ್ಟು ಎಷ್ಟು, ಯಾವುದು ಸೇರಿದೆ, ರಿಟೈನರ್ (ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಸರಿಯದಂತೆ ಹಿಡಿಯುವುದು) ಸೇರಿದೆಯೋ ಇಲ್ಲವೋ ಎಲ್ಲ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರದಲ್ಲಿರಲಿ. ಓದಿ ಹೇಳಿ, ಆಮೇಲೆ ಸಹಿ.

ಕಾರವಾರದ ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ನೌಕಾನೆಲೆಯವರು, ಕೈಗಾದವರು ವರ್ಗವಾಗಿ ಹೋಗುತ್ತಾರೆ. ಎರಡು ವರ್ಷ ಇಲ್ಲೇ ಇರುತ್ತೀರಾ ಎಂದು ಮೊದಲೇ ಕೇಳಿ. ಹೋಗುವಾಗ ಫೋಟೋ, ಎಕ್ಸ್‌ರೇ, ಸ್ಲಾಟಿನ ಅಳತೆ, ಬ್ರಾಕೆಟ್ಟಿನ ಪ್ರಿಸ್ಕ್ರಿಪ್ಷನ್, ಈಗಿರುವ ತಂತಿ, ಮುಂದಿನ ಯೋಜನೆ, ಬಂದ ದುಡ್ಡು, ಉಳಿದ ದುಡ್ಡು ಎಲ್ಲ ಬರೆದುಕೊಡಿ. ಮುಂದಿನ ಡಾಕ್ಟರಿಗೆ ಊಹೆ ಮಾಡುವ ಕೆಲಸ ಉಳಿಯಬಾರದು.

ಫೋನಿನಲ್ಲಿ

ಚುಚ್ಚಿತು, ಕಳಚಿತು ಎಂದು ಫೋನ್ ಬಂದರೆ ಮೊದಲು ವಾಟ್ಸ್‌ಆಪ್‌ನಲ್ಲಿ ಫೋಟೋ ತರಿಸಿ. ಕಳಚಿದ ಬ್ರಾಕೆಟ್ ತಂತಿಯಲ್ಲೇ ನೇತಾಡುತ್ತಿದ್ದರೆ ಮೇಣ ಒತ್ತಿ ಬಿಡಲಿ. ಮುಂದಿನ ತಾರೀಖು ಹತ್ತಿರವಿದ್ದರೆ ಅದಕ್ಕೇ ಬರಲಿ. ತೆಳು ತಂತಿ ಕೆನ್ನೆಗೆ ಇಳಿಯುತ್ತಿದ್ದು ಬಸ್ಸಿಲ್ಲದಿದ್ದರೆ, ಸ್ಪಿರಿಟಿನಲ್ಲಿ ಒರೆಸಿದ ಉಗುರು ಕಟರ್‌ನಿಂದ ತುದಿ ಕತ್ತರಿಸಬಹುದು. ತಲೆ ಮುಂದಕ್ಕೆ ಬಗ್ಗಿಸಿ, ತುಂಡು ಗಂಟಲಿಗೆ ಹೋಗದ ಹಾಗೆ ತಂತಿಯ ಹಿಂದೆ ಬಟ್ಟೆ ಹಿಡಿದು. ಮುಖ ಊದಿದರೆ, ಏನಾದರೂ ನುಂಗಿ ಕೆಮ್ಮು ಬಿಡದಿದ್ದರೆ, ಉಸಿರು ಕಟ್ಟಿದರೆ ನನಗೆ ಫೋನ್ ಮಾಡುತ್ತಾ ಕೂರಬಾರದು, ಸೀದಾ ಹತ್ತಿರದ ಆಸ್ಪತ್ರೆ. ಈ ಕೊನೆಯ ಸಾಲನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ.

ಬ್ರಶ್ಶು

ಬ್ರಾಕೆಟ್ಟಿನ ಸುತ್ತ ಕೊಳೆ ನಿಂತರೆ ಒಂದು ತಿಂಗಳಲ್ಲೇ ಹಲ್ಲಿನ ಮೇಲೆ ಬಿಳಿ ಕಲೆ ಏಳಬಹುದು. ಹಲ್ಲು ಸಾಲಾಗಿ ನಿಂತು ಮೇಲೆಲ್ಲ ಸುಣ್ಣದ ಚೌಕಟ್ಟಿನಂಥ ಕಲೆ ಉಳಿದರೆ ನಾವು ಮಾಡಿದ್ದಾದರೂ ಏನು? ಆದ್ದರಿಂದ ಕ್ಲಿಪ್ ಹಾಕುವ ಮೊದಲೇ ಬ್ರಶ್ ಪರೀಕ್ಷೆ. ಒಸಡಿನಲ್ಲಿ ರಕ್ತ ಬರುತ್ತಿದ್ದರೆ ಹಾಕುವುದಿಲ್ಲ, ಮುಂದಿನ ತಿಂಗಳು ಬಾ ಎನ್ನುತ್ತೇನೆ. ಕೊಳೆಗೆ ಬಣ್ಣ ಹಿಡಿಸುವ ದ್ರಾವಣ ಹಚ್ಚಿ ಕೈಗೆ ಕನ್ನಡಿ ಕೊಡಿ. ಮಗು ತಾನೇ ನೋಡಲಿ, ತಾನೇ ತಿಕ್ಕಲಿ. ಬ್ರಾಕೆಟ್ಟಿನ ಮೇಲೊಮ್ಮೆ, ಕೆಳಗೊಮ್ಮೆ, ತಂತಿಯಡಿಗೆ ಸಣ್ಣ ಬ್ರಶ್ಶು. ಫ್ಲೋರೈಡ್ ಇರುವ ಪೇಸ್ಟು. ರಾತ್ರಿಯದು ತಪ್ಪಬಾರದು. ಎರಡು ತಿಂಗಳಿಗೊಮ್ಮೆ ಬರುವವರಿಗೆ ಬಂದಾಗಲೆಲ್ಲ ತಂತಿ ಬಿಚ್ಚಿ ತೊಳೆಸಿ, ಕಲೆಯ ಸುಳಿವಿದ್ದರೆ ಫ್ಲೋರೈಡ್ ವಾರ್ನಿಶ್ ಹಚ್ಚಿ. ದೂರದವರಿಗೆ ತಂತಿಯನ್ನು ಬ್ರಾಕೆಟ್ಟಿಗೆ ಹಿಡಿಸಲು ರಬ್ಬರ್ ಉಂಗುರದ ಬದಲು ಸ್ಟೀಲ್ ಲಿಗೇಚರ್ (ತೆಳು ಕಟ್ಟುತಂತಿ) ಕಟ್ಟುತ್ತೇನೆ. ಕೈ ನೋಯುತ್ತದೆ, ಆದರೆ ಕೊಳೆ ಕಡಿಮೆ ಕೂರುತ್ತದೆ.

ಎರಡು ಸಲ ಹೇಳಿಯೂ ಬ್ರಶ್ ಸರಿಯಾಗದಿದ್ದರೆ ಮೂರನೇ ಸಲ ತಂತಿ ಮುಂದುವರಿಸುವುದಿಲ್ಲ. ಆಗಲೂ ಆಗದಿದ್ದರೆ, ಮನೆಯವರನ್ನು ಕೂರಿಸಿಕೊಂಡು ಮಾತಾಡಿ, ಬಿಚ್ಚಿಬಿಡುತ್ತೇನೆ. ಹಾಗೆ ಬಿಚ್ಚಿದ ದಿನ ಮನಸ್ಸಿಗೆ ತುಂಬಾ ಕಷ್ಟವಾಗುತ್ತದೆ. ಆದರೂ ಸೊಟ್ಟ ಹಲ್ಲು ಹುಳುಕು ಹಲ್ಲಿಗಿಂತ ಮೇಲು.

ಬಿಚ್ಚಿದ ಮೇಲೆ

ಕ್ಲಿಪ್ ಬಿಚ್ಚುವ ದಿನ ಎಲ್ಲರೂ ಖುಷಿಯಲ್ಲಿರುತ್ತಾರೆ, ಅವತ್ತು ಹೇಳಿದ ಯಾವ ಮಾತೂ ತಲೆಗೆ ಹೋಗುವುದಿಲ್ಲ. ಆದ್ದರಿಂದ ರಿಟೈನರಿನ ಮಾತನ್ನು ಹಿಂದಿನ ಭೇಟಿಯಲ್ಲೇ ಹೇಳಿ. ಹಲ್ಲು ಹಳೇ ಜಾಗಕ್ಕೆ ತಿರುಗಿ ಹೋಗುತ್ತದೆ, ಇದು ಎಲ್ಲರಿಗೂ. ದೂರದವರಿಗೆ ಕೆಳಗಿನ ಆರು ಹಲ್ಲಿನ ಹಿಂದೆ ಹೆಣೆದ ತೆಳು ತಂತಿ ಅಂಟಿಸಿಯೇ ಕಳಿಸಿ, ಮೇಲಕ್ಕೆ ಪಾರದರ್ಶಕ ರಿಟೈನರ್. ಅಂಟಿಸಿದ ತಂತಿ ಒಂದೇ ಹಲ್ಲಿನಲ್ಲಿ ಬಿಟ್ಟುಕೊಂಡರೆ ಗೊತ್ತೇ ಆಗುವುದಿಲ್ಲ. ತಿಂಗಳಿಗೊಮ್ಮೆ ನಾಲಿಗೆಯ ತುದಿಯಿಂದ ತಡವಿ ನೋಡುವುದನ್ನು ಕಲಿಸಿ. ಬಾಯೊಳಗಿನ ಪ್ಲಾಸ್ಟಿಕ್ಕಿನಿಂದ ಮೊದಲ ದಿನಗಳಲ್ಲಿ ಸ, ಶ ತೊದಲುತ್ತದೆ. ಯಕ್ಷಗಾನ ಕಲಿಯುತ್ತಿದ್ದ ಒಬ್ಬ ಮಾಣಿಗೆ ಅದೇ ದೊಡ್ಡ ಚಿಂತೆ. ದಿನಾ ಹದಿನೈದು ನಿಮಿಷ ಜೋರಾಗಿ ಪೇಪರ್ ಓದು ಎಂದೆ. ವಾರದಲ್ಲಿ ಮಾತು ಸರಿಯಾಯಿತು.

ರಿಟೈನರ್ ಮಾಡಿದ ಕೊನೆಯ ಅಚ್ಚನ್ನು ಬಿಸಾಡಬೇಡಿ. ಹೆಸರು, ತಾರೀಖು ಬರೆದು ಡಬ್ಬಿಯಲ್ಲಿಡಿ. ನಮ್ಮಲ್ಲಿ ಒಂದು ಕಪಾಟು ತುಂಬಾ ಅದೇ ಇದೆ. ಹಾಸ್ಟೆಲಿನಲ್ಲಿ ಕಳೆದುಹೋಯಿತು, ನಾಯಿ ಕಚ್ಚಿ ಹಾಕಿತು ಎಂದು ಎರಡು ಮೂರು ದಿನದೊಳಗೆ ಫೋನ್ ಮಾಡಿದರೆ ಅದೇ ಅಚ್ಚಿನ ಮೇಲೆ ಹೊಸದು ಒತ್ತಿ, ಸಂಜೆಯ ಬಸ್ಸಿಗೆ ಕಳಿಸಬಹುದು. ವಾರಗಟ್ಟಲೆ ತಡವಾಗಿದ್ದರೆ ಮಾತ್ರ ಹಲ್ಲು ಸರಿದಿರುತ್ತದೆ, ಹಳೆಯ ಅಚ್ಚು ಕೂರುವುದಿಲ್ಲ. ಆಗ ಕರೆಸಿ, ಹೊಸ ಅಚ್ಚು ತೆಗೆಯಲೇಬೇಕು.